ಅಂತಸ್ತುಗಳ ನಗರ

ಬಾಬೆಲ್ ಗೋಪುರದ ಕಥೆ ನಮ್ಮ ಮನೆಗಳ ಚಿಕ್ಕ ಮಕ್ಕಳಿಗೂ ತಿಳಿದಿದೆ. ಶಿನಾರ್ ಬಯಲಿನಲ್ಲಿ ನೆಲೆಸಿದ ಜನರು ತಮ್ಮ ಹೆಸರು ಉಳಿಯಲೆಂದು ಮುಗಿಲು ಮುಟ್ಟುವ ಗೋಪುರವನ್ನು ಕಟ್ಟತೊಡಗಿದರು. ದೇವರು ಅವರ ಭಾಷೆಯನ್ನು ಗಲಿಬಿಲಿಗೊಳಿಸಿದರು. ಕಟ್ಟಡ ಅರ್ಧಕ್ಕೇ ನಿಂತಿತು. ಅಹಂಕಾರ ಸಲ್ಲದು ಎಂಬ ನೀತಿಯೊಂದಿಗೆ ಧರ್ಮೋಪದೇಶದ ತರಗತಿಯಲ್ಲಿ ಆ ಪಾಠ ಮುಗಿಯುತ್ತದೆ. ಆದರೆ ಒಂದು ಪ್ರಶ್ನೆಯನ್ನು ನಾವು ಮಕ್ಕಳಿಗೆ ಕೇಳುವುದಿಲ್ಲ, ಮಕ್ಕಳೂ ನಮ್ಮನ್ನು ಕೇಳುವುದಿಲ್ಲ. ಆ ಗೋಪುರಕ್ಕೆ ಇಟ್ಟಿಗೆ ಹೊತ್ತವರು ಯಾರು?

ಯೆಹೂದ್ಯ ರಬ್ಬಿಗಳ ಪರಂಪರೆಯಲ್ಲಿ ಈ ಕುರಿತು ಒಂದು ಹಳೆಯ ಐತಿಹ್ಯವಿದೆ. ಗೋಪುರ ಎತ್ತರವಾದಂತೆಲ್ಲ ಇಟ್ಟಿಗೆಯನ್ನು ತುದಿಗೆ ಮುಟ್ಟಿಸುವುದು ಬಹುಕಾಲದ ಕೆಲಸವಾಯಿತಂತೆ. ಆದ್ದರಿಂದ ಮೇಲಿನಿಂದ ಒಂದು ಇಟ್ಟಿಗೆ ಜಾರಿ ಬಿದ್ದರೆ ಜನರು ಕುಳಿತು ಅಳುತ್ತಿದ್ದರು. ಒಬ್ಬ ಮನುಷ್ಯ ಬಿದ್ದು ಸತ್ತರೆ ಯಾರೂ ಅವನನ್ನು ತಿರುಗಿ ನೋಡುತ್ತಿರಲಿಲ್ಲ. ಭಾಷೆ ಕೆಡುವುದಕ್ಕೆ ಎಷ್ಟೋ ಮುಂಚೆಯೇ ಅಲ್ಲಿ ಲೆಕ್ಕ ಕೆಟ್ಟಿತ್ತು ಎಂಬುದು ಆ ಹಿರಿಯರ ಅಭಿಪ್ರಾಯವಾಗಿರಬೇಕು.

ಇದೇ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕೇಳಿದ ಒಂದು ಚಲನಚಿತ್ರವಿದೆ. ಅದರ ಹೆಸರು ‘ಮೆಟ್ರೊಪೊಲಿಸ್’. ಜರ್ಮನಿಯ ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ಈ ಮೂಕಿ ಚಿತ್ರ 1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಮೊದಲ ಬಾರಿ ತೆರೆಕಂಡಿತು. ಕಥೆಯನ್ನು ಬರೆದವರು ಅವರ ಪತ್ನಿ ತೇಯಾ ಫಾನ್ ಹಾರ್ಬೌ. ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ನಮ್ಮ ಪ್ರಾಧ್ಯಾಪಕರೊಬ್ಬರು ವಿಡಿಯೊ ಕ್ಯಾಸೆಟ್ ತಂದು ಇದನ್ನು ನಮಗೆ ತೋರಿಸಿದ್ದರು. ಅದು ಕತ್ತರಿ ಆಡಿಸಿದ, ಮಸುಕಾದ ಪ್ರತಿ. ಚಿತ್ರ ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಅದರ ಹಲವು ಭಾಗಗಳನ್ನು ಕತ್ತರಿಸಿ ಹಾಕಿದ್ದರು. ಆ ಭಾಗಗಳು ಕಳೆದೇಹೋದುವೆಂದು ಎಲ್ಲರೂ ಭಾವಿಸಿದ್ದರು. 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಚಲನಚಿತ್ರ ಸಂಗ್ರಹಾಲಯದಲ್ಲಿ ಹೆಚ್ಚುಕಡಿಮೆ ಪೂರ್ಣವಾದ ಒಂದು ಹಳೆಯ ಪ್ರತಿ ದೊರೆಯಿತು. ಅದರ ನೆರವಿನಿಂದ ಸಿದ್ಧವಾದ ಚಿತ್ರ 2010ರಲ್ಲಿ ಹೊರಬಂತು. ಅದನ್ನು ಇತ್ತೀಚೆಗೆ ಮತ್ತೊಮ್ಮೆ ನೋಡಿದಾಗ, ತರುಣನಾಗಿದ್ದಾಗ ಹೊಳೆಯದೆ ಹೋದ ಕೆಲವು ಸಂಗತಿಗಳು ಮನಸ್ಸನ್ನು ಕಾಡಿದವು. ಅವುಗಳನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಮೇಲಿನ ತೋಟ, ಕೆಳಗಿನ ಊರು

ಚಿತ್ರದಲ್ಲಿ ಬರುವುದು ಮುಂದೆಂದೋ ಇರಬಹುದಾದ ಒಂದು ಮಹಾನಗರ. ನಿರ್ದೇಶಕ ಲಾಂಗ್ 1924ರಲ್ಲಿ ಹಡಗಿನಲ್ಲಿ ನ್ಯೂಯಾರ್ಕಿಗೆ ಹೋಗಿದ್ದರು. ರಾತ್ರಿಯ ದೀಪಗಳಲ್ಲಿ ಹೊಳೆಯುತ್ತಿದ್ದ ಅಲ್ಲಿನ ಗಗನಚುಂಬಿ ಕಟ್ಟಡಗಳೇ ಈ ನಗರಕ್ಕೆ ರೂಪ ಕೊಟ್ಟವೆಂದು ಮುಂದೆ ಅವರೇ ಹೇಳಿಕೊಂಡರು. ನಗರದ ನಡುವೆ ಎಲ್ಲಕ್ಕಿಂತ ಎತ್ತರವಾದ ಒಂದು ಗೋಪುರ. ಅದಕ್ಕೆ ‘ಹೊಸ ಬಾಬೆಲ್ ಗೋಪುರ’ ಎಂದೇ ಹೆಸರು. ಅದರ ತುದಿಯಲ್ಲಿ ಕುಳಿತು ನಗರವನ್ನಾಳುವವನು ಯೋಹ್ ಫ್ರೆಡರ್ಸನ್. ಅವನ ಮಗ ಫ್ರೆಡರ್ ಮತ್ತು ಇತರ ಶ್ರೀಮಂತರ ಮಕ್ಕಳಿಗಾಗಿ ಮೇಲ್ಗಡೆ ಕಾರಂಜಿಗಳಿರುವ ಉದ್ಯಾನವನ, ಕ್ರೀಡಾಂಗಣ, ಗ್ರಂಥಾಲಯಗಳಿವೆ. ನೆಲದಡಿಯಲ್ಲಿ ಯಂತ್ರಶಾಲೆಗಳು. ಅದಕ್ಕೂ ಕೆಳಗೆ, ಬಿಸಿಲು ಕಾಣದ ಆಳದಲ್ಲಿ, ಕಾರ್ಮಿಕರ ಊರು.

ಚಿತ್ರದ ಆರಂಭದಲ್ಲೇ ಪಾಳಿ ಬದಲಾಗುವ ದೃಶ್ಯವಿದೆ. ಕೆಲಸ ಮುಗಿಸಿದ ಸಾಲು ಎದುರಿನಿಂದ ಕಾಲೆಳೆದುಕೊಂಡು ಬರುತ್ತದೆ. ಹೊಸ ಸಾಲು ಒಳಗೆ ಹೋಗುತ್ತದೆ. ಎಲ್ಲರದೂ ಒಂದೇ ಬಗೆಯ ಕಪ್ಪು ಬಟ್ಟೆ, ಎಲ್ಲರ ತಲೆಯೂ ತಗ್ಗಿದೆ. ದೊಡ್ಡ ಲಿಫ್ಟ್‌ಗಳು ಅವರನ್ನು ತುಂಬಿಕೊಂಡು ಆಳಕ್ಕೆ ಇಳಿಯುತ್ತವೆ. ಯಾರೂ ಯಾರೊಂದಿಗೂ ಮಾತನಾಡುವುದಿಲ್ಲ. ಅವರ ಗುರುತು ಹೆಸರಲ್ಲ, ಸಂಖ್ಯೆ. ಮುಂದೆ ಫ್ರೆಡರ್ ಯಾರೊಂದಿಗೆ ತನ್ನ ಬಟ್ಟೆಯನ್ನು ಬದಲಾಯಿಸಿಕೊಂಡು ಯಂತ್ರದ ಮುಂದೆ ನಿಲ್ಲುತ್ತಾನೋ ಆ ಕಾರ್ಮಿಕನ ಸಂಖ್ಯೆ 11811.

ಒಂದು ದಿನ ಮೇಲಿನ ಉದ್ಯಾನದ ಬಾಗಿಲು ತೆರೆಯುತ್ತದೆ. ಮರಿಯಾ ಎಂಬ ತರುಣಿ ಕಾರ್ಮಿಕರ ಬಡಕಲು ಮಕ್ಕಳನ್ನು ತನ್ನ ಸುತ್ತ ನಿಲ್ಲಿಸಿಕೊಂಡು ಅಲ್ಲಿಗೆ ಬಂದಿದ್ದಾಳೆ. ಇವರು ನಿಮ್ಮ ಸಹೋದರರು ಎಂದು ಆಕೆ ಆ ಮಕ್ಕಳಿಗೆ ಮೇಲಿನವರನ್ನು ತೋರಿಸುತ್ತಾಳೆ. ಸೇವಕರು ಓಡಿಬಂದು ಅವರೆಲ್ಲರನ್ನೂ ಹೊರಗೆ ಕಳುಹಿಸಿ ಬಾಗಿಲು ಮುಚ್ಚುತ್ತಾರೆ. ಫ್ರೆಡರನ ಮನಸ್ಸು ಮಾತ್ರ ಆ ಮುಚ್ಚಿದ ಬಾಗಿಲಿನಾಚೆಗೆ ಹೋಗಿಬಿಡುತ್ತದೆ. ಆತ ಕೆಳಗೆ ಇಳಿಯುತ್ತಾನೆ. ಯಂತ್ರವೊಂದು ಸಿಡಿದು ಕಾರ್ಮಿಕರು ಸಾಯುವುದನ್ನು ಕಾಣುತ್ತಾನೆ. ಅವನ ಕಣ್ಣಿಗೆ ಆ ಯಂತ್ರ, ಮಕ್ಕಳನ್ನು ಬಲಿ ಬೇಡುತ್ತಿದ್ದ ಮೋಲೆಕನಂತೆ ಬಾಯ್ದೆರೆದು ಮನುಷ್ಯರನ್ನು ನುಂಗುತ್ತದೆ. ಓಡಿಹೋಗಿ ತಂದೆಗೆ ಹೇಳಿದರೆ, ತಂದೆಗೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ನಗರ ಕಟ್ಟಿದ ಆ ಜನ ಎಲ್ಲಿದ್ದಾರೆ ಎಂದು ಮಗ ಕೇಳಿದಾಗ, ಇರಬೇಕಾದಲ್ಲಿ, ಅಂದರೆ ಆಳದಲ್ಲಿ, ಇದ್ದಾರೆ ಎಂಬುದು ಅವನ ಉತ್ತರದ ಸಾರ.

ಒಂದೇ ಭಾಷೆ, ಆದರೂ ತಿಳಿಯದು

ದಿನದ ದುಡಿಮೆ ಮುಗಿದ ಮೇಲೆ ಕಾರ್ಮಿಕರು ಇನ್ನೂ ಕೆಳಗಿನ ಹಳೆಯ ಸಮಾಧಿ ಗುಹೆಗಳಲ್ಲಿ ಸೇರುತ್ತಾರೆ. ಅಲ್ಲಿ ಶಿಲುಬೆಗಳ ಮುಂದೆ ನಿಂತು ಮರಿಯಾ ಅವರಿಗೆ ಬಾಬೆಲಿನ ಕಥೆಯನ್ನು ಹೇಳುತ್ತಾಳೆ. ಆದರೆ ಆದಿಕಾಂಡದಲ್ಲಿರುವಂತೆ ಹೇಳುವುದಿಲ್ಲ. ಗೋಪುರದ ಕನಸು ಕಂಡವರಿಗೆ ಅದನ್ನು ತಾವೇ ಕಟ್ಟಲಾಗಲಿಲ್ಲ. ಕೂಲಿಗೆ ಕೈಗಳನ್ನು ತಂದರು. ಕಟ್ಟಿದ ಕೈಗಳಿಗೆ ಆ ಕನಸು ಏನೆಂದು ಯಾರೂ ಹೇಳಲಿಲ್ಲ. ಒಬ್ಬರ ಸ್ತುತಿಗೀತೆ ಇನ್ನೊಬ್ಬರ ಶಾಪವಾಯಿತು. ಇಬ್ಬರೂ ಆಡುತ್ತಿದ್ದುದು ಒಂದೇ ಭಾಷೆ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲ.

ಗುರುಮಠದಲ್ಲಿ ಇದನ್ನು ನೋಡಿದಾಗ ಪವಿತ್ರ ಗ್ರಂಥದ ಕಥೆಯನ್ನು ತಿರುಚಿದ್ದಾರೆಂದು ನಮ್ಮಲ್ಲಿ ಕೆಲವರು ಆಕ್ಷೇಪಿಸಿದ್ದೆವು. ಇಂದು ನನಗೆ ಹಾಗೆನಿಸುವುದಿಲ್ಲ. ಆದಿಕಾಂಡದ ಆ ಅಧ್ಯಾಯದಲ್ಲಿಯೇ ಒಂದು ಸೂಕ್ಷ್ಮ ಮಾತಿದೆ: ದೇವರು ಆ ಗೋಪುರವನ್ನು ನೋಡಲು ಇಳಿದು ಬಂದರು. ಮುಗಿಲು ಮುಟ್ಟಿದೆಯೆಂದು ಮನುಷ್ಯರು ಹೆಮ್ಮೆಪಟ್ಟ ಕಟ್ಟಡವನ್ನು ಕಾಣಲು ದೇವರು ಕೆಳಗಿಳಿಯಬೇಕಾಯಿತು! ಲೇಖಕರ ಈ ಮೆಲುನಗೆಯ ಹಿಂದೆ ಇನ್ನೊಂದು ಸತ್ಯವೂ ಅಡಗಿದೆ. ಸೃಷ್ಟಿಕರ್ತರೇ ಇಳಿದು ಬಂದು ನೋಡುತ್ತಾರೆ. ಗೋಪುರದ ಒಡೆಯ ಮಾತ್ರ ಇಳಿಯುವುದಿಲ್ಲ. ಇಳಿಯದವನಿಗೆ ಕೆಳಗಿನವರ ಮಾತು ಕೇಳಿಸುವುದಾದರೂ ಹೇಗೆ?

ಎತ್ತರವೇ ಪಾಪವೇ?

ನಮ್ಮ ಕನ್ನಡದಲ್ಲಿ ಕಟ್ಟಡದ ಮಹಡಿಗೂ ಸಮಾಜದಲ್ಲಿನ ಸ್ಥಾನಮಾನಕ್ಕೂ ಒಂದೇ ಪದವಿದೆ: ಅಂತಸ್ತು. ಆದ್ದರಿಂದ ಎತ್ತರದಲ್ಲಿರುವವನು ದೊಡ್ಡವನು, ತಳದಲ್ಲಿರುವವನು ಸಣ್ಣವನು ಎಂಬ ಎಣಿಕೆ ನಮಗೆ ಸಹಜವೆಂದೇ ತೋರುತ್ತದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಪ್ರಾಚೀನ ರೋಮ್ ನಗರದಲ್ಲಿ ಬಡವರು ಹಲವು ಮಹಡಿಗಳ ಬಾಡಿಗೆ ಕಟ್ಟಡಗಳಲ್ಲಿ ಕಿಕ್ಕಿರಿದು ವಾಸಿಸುತ್ತಿದ್ದರು. ಹೆಚ್ಚು ಬಾಡಿಗೆ ತೆರುವವರದು ಕೆಳಗಿನ ಮನೆ. ಬಡವರದು ತೀರ ಮೇಲಿನ ಕೋಣೆ. ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲ, ನೀರನ್ನು ಕೆಳಗಿನಿಂದ ಹೊತ್ತೇ ತರಬೇಕು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲೂ ಕೆಳಗಿನ ಮಹಡಿಗಳು ಸಿರಿವಂತರದು. ಮಾಡಿನ ಕೆಳಗಿನ ಇಕ್ಕಟ್ಟಾದ ಕೋಣೆಗಳು ಮನೆಗೆಲಸದವರದು.

ಈ ಕ್ರಮವನ್ನು ತಲೆಕೆಳಗು ಮಾಡಿದ್ದು ಲಿಫ್ಟ್. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನವೊಂದರಲ್ಲಿ ಎಲಿಷಾ ಓಟಿಸ್ ಎಂಬವರು ಎತ್ತರಕ್ಕೇರಿಸಿದ ವೇದಿಕೆಯ ಮೇಲೆ ತಾವೇ ನಿಂತು, ಅದನ್ನು ಎತ್ತಿ ಹಿಡಿದಿದ್ದ ಹಗ್ಗವನ್ನು ಎಲ್ಲರೆದುರು ಕತ್ತರಿಸಿಸಿದರು. ಅವರು ಅಳವಡಿಸಿದ್ದ ತಡೆಯ ಸಾಧನದಿಂದಾಗಿ ವೇದಿಕೆ ಬೀಳಲಿಲ್ಲ. 1857ರಲ್ಲಿ ಅದೇ ನಗರದ ಅಂಗಡಿಯೊಂದರಲ್ಲಿ ಅವರ ಲಿಫ್ಟ್ ಜನರನ್ನು ಹೊತ್ತು ಮೇಲೇರತೊಡಗಿತು. 1885ರ ಹೊತ್ತಿಗೆ ಚಿಕಾಗೋದಲ್ಲಿ ಲೋಹದ ಚೌಕಟ್ಟಿನ ಹತ್ತು ಮಹಡಿಯ ಕಟ್ಟಡ ನಿಂತಿತು. ಹತ್ತಲು ಆಯಾಸವಿಲ್ಲವೆಂದಾದ ಮೇಲೆ ಮೇಲಿನ ಗಾಳಿ, ಬೆಳಕು, ನೋಟಗಳಿಗೆ ಬೆಲೆ ಬಂತು. ಬಡವರು ಮೇಲಿನಿಂದ ಇಳಿಯಬೇಕಾಯಿತು.

ಇದರಿಂದ ತಿಳಿಯುವುದೇನು? ಮೇಲೆ ಇರುವುದೂ ಕೆಳಗೆ ಇರುವುದೂ ಸ್ವತಃ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಯಾವುದು ಕಷ್ಟದ ಜಾಗವೋ ಅದು ಬಡವನಿಗೆ, ಯಾವುದು ಸುಖದ ಜಾಗವೋ ಅದು ಉಳ್ಳವನಿಗೆ. ದಿಕ್ಕು ಬದಲಾದರೂ ಈ ಹಂಚಿಕೆ ಬದಲಾಗಲಿಲ್ಲ. 1927ರಲ್ಲೇ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ಈ ಚಿತ್ರವನ್ನು ಕಟುವಾಗಿ ಟೀಕಿಸಿದರು. ಜನರನ್ನು ಮಹಡಿಗಳಲ್ಲಿ ಮೇಲೆ ಕೆಳಗೆ ಜೋಡಿಸುವ ಈ ಕಲ್ಪನೆ ಹಳಸಿಹೋಗಿದೆ, ಬೆಳೆಯುವ ನಗರ ಬಡವರನ್ನು ನೆಲದಡಿಗೆ ತಳ್ಳುವುದಿಲ್ಲ, ಹೊರವಲಯಕ್ಕೆ ತಳ್ಳುತ್ತದೆ ಎಂಬುದು ಅವರ ವಾದ. ಅವರ ಮಾತಿನಲ್ಲಿ ಹುರುಳಿದೆ. ನಸುಕಿನಲ್ಲೇ ಎದ್ದು ಎರಡು ಬಸ್ಸು ಬದಲಾಯಿಸಿ ನಗರದ ನಡುವಿಗೆ ದುಡಿಯಲು ಬರುವವರನ್ನು ಕೇಳಿದರೆ ಅದು ಗೊತ್ತಾಗುತ್ತದೆ.

ಆದರೆ ಚಿತ್ರದ ಮುಖ್ಯವಾದ ಮಾತು ಮೇಲು ಕೆಳಗಿನ ಅಳತೆಯದಲ್ಲ, ಕೇಳಿಸಿಕೊಳ್ಳದಿರುವುದರದು. ಅದಕ್ಕೆ ನಮ್ಮ ಕಾಲದ ದುಃಖದ ಸಾಕ್ಷಿ ಲಂಡನ್ನಿನ ಗ್ರೆನ್ಫೆಲ್ ಟವರ್. ಇಪ್ಪತ್ನಾಲ್ಕು ಮಹಡಿಗಳ ಆ ವಸತಿ ಕಟ್ಟಡದಲ್ಲಿ ಹೆಚ್ಚಾಗಿ ಸಾಮಾನ್ಯ ಆದಾಯದ ಕುಟುಂಬಗಳಿದ್ದವು. ಸುತ್ತಲಿನದು ದೇಶದ ಅತಿ ಶ್ರೀಮಂತ ಬಡಾವಣೆಗಳಲ್ಲೊಂದು. 2017ರ ಜೂನ್ 14ರ ನಸುಕಿನಲ್ಲಿ ಅದಕ್ಕೆ ಬೆಂಕಿ ಬಿತ್ತು. ಕಟ್ಟಡದ ಹೊರಮೈಗೆ ಹೊಸದಾಗಿ ಹೊದಿಸಿದ್ದ ಹಲಗೆಗಳು ಹೊತ್ತಿಕೊಳ್ಳುವಂಥವು. 72 ಜನ ಪ್ರಾಣ ಕಳೆದುಕೊಂಡರು. ಈ ಕಟ್ಟಡ ಸುರಕ್ಷಿತವಲ್ಲವೆಂದು ಅಲ್ಲಿಯ ನಿವಾಸಿಗಳ ಗುಂಪೊಂದು ಮೊದಲೇ ಬರೆದು ಎಚ್ಚರಿಸಿತ್ತು. ಅಂಥವರನ್ನು ತಕರಾರು ಮಾಡುವವರೆಂದು ಕಾಣಲಾಗಿತ್ತು. ಆ ಸಾವುಗಳೆಲ್ಲವನ್ನೂ ತಪ್ಪಿಸಬಹುದಿತ್ತೆಂದು ತನಿಖಾ ಆಯೋಗದ ಅಧ್ಯಕ್ಷರು 2024ರಲ್ಲಿ ಹೇಳಿದರು. ಇಲ್ಲಿ ಬಡವರು ನೆಲದಡಿಯಲ್ಲಿರಲಿಲ್ಲ, ಇಪ್ಪತ್ತೆರಡನೆಯ, ಇಪ್ಪತ್ತಮೂರನೆಯ ಮಹಡಿಗಳಲ್ಲಿದ್ದರು. ಅವರು ಆಡಿದ್ದು ಇಂಗ್ಲಿಷ್. ಕೇಳಬೇಕಾದವರ ಭಾಷೆಯೂ ಇಂಗ್ಲಿಷ್. ಮರಿಯಾ ಹೇಳಿದ ಬಾಬೆಲ್ ಇದೇ ಅಲ್ಲವೇ?

ಬಾಗಿಲುಗಳ ಲೆಕ್ಕ

ಇಂದು ಜಗತ್ತಿನ ಅತಿ ಎತ್ತರದ ಕಟ್ಟಡ ದುಬೈಯ ಬುರ್ಜ್ ಖಲೀಫಾ. 2010ರ ಜನವರಿಯಲ್ಲಿ ಉದ್ಘಾಟನೆಯಾದ ಅದರ ಎತ್ತರ 828 ಮೀಟರು. ಅದು ಎಷ್ಟು ಎತ್ತರವೆಂದರೆ ಮೇಲಿನ ಮಹಡಿಗಳಲ್ಲಿರುವವರಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ. ಹಾಗಾಗಿ ರಂಜಾನ್ ಉಪವಾಸದ ವೇಳೆ ಎಂಬತ್ತನೆಯ ಮಹಡಿಗಿಂತ ಮೇಲಿರುವವರು ಎರಡು ನಿಮಿಷ, ನೂರೈವತ್ತನೆಯದಕ್ಕಿಂತ ಮೇಲಿರುವವರು ಮೂರು ನಿಮಿಷ ಹೆಚ್ಚು ಕಾಯಬೇಕೆಂದು ಅಲ್ಲಿಯ ಧರ್ಮಪಂಡಿತರು 2011ರಲ್ಲಿ ಸೂಚಿಸಿದರು. ಎತ್ತರದಲ್ಲಿರುವವನಿಗೆ ಹೊಣೆ ಹೆಚ್ಚು ಎಂಬ ಈ ಎಣಿಕೆ ನನಗೆ ಬಹಳ ಹಿಡಿಸಿತು. ಆದರೆ ಆ ಗೋಪುರವನ್ನು ಕಟ್ಟಿದವರಲ್ಲಿ ಬಹುಪಾಲು ಜನ ದಕ್ಷಿಣ ಏಷ್ಯಾದಿಂದ ದುಡಿಯಲು ಹೋದವರು. 2006ರ ಮಾರ್ಚ್ ತಿಂಗಳಲ್ಲಿ, ಕಟ್ಟಡ ಇನ್ನೂ ಏಳುತ್ತಿದ್ದಾಗ, ಅವರಲ್ಲಿ ಸಾವಿರಾರು ಜನರು ಕೂಲಿ ಮತ್ತು ದುಡಿಮೆಯ ಪರಿಸ್ಥಿತಿಗಾಗಿ ದಂಗೆಯೆದ್ದರು. ಕೊಲ್ಲಿ ದೇಶಗಳಿಂದ ಬರುವ ಹಣದಿಂದ ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ ಕುಟುಂಬಗಳು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಎಷ್ಟೋ ಇವೆ. ಆ ಎತ್ತರಗಳ ತಳದಲ್ಲಿ ನಿಂತು ದುಡಿಯುವುದೆಂದರೇನೆಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ನ್ಯೂಯಾರ್ಕಿನಲ್ಲಿ ಇನ್ನೊಂದು ಬಗೆ. ಕಡಿಮೆ ಬಾಡಿಗೆಯ ಮನೆಗಳನ್ನೂ ಸೇರಿಸಿ ಕಟ್ಟಿದರೆ ಬಿಲ್ಡರುಗಳಿಗೆ ಅಲ್ಲಿ ರಿಯಾಯಿತಿಗಳುಂಟು. 2014ರಲ್ಲಿ ಅಂಥದೊಂದು ಐಷಾರಾಮಿ ಕಟ್ಟಡದ ನಕ್ಷೆಗೆ ಒಪ್ಪಿಗೆ ದೊರೆತಾಗ, ಕಡಿಮೆ ಬಾಡಿಗೆಯವರಿಗೆ ಬೇರೆ ದಾರಿಯೇ ಇರುವುದು ಬೆಳಕಿಗೆ ಬಂತು. ಪತ್ರಿಕೆಗಳು ಅದನ್ನು ‘ಬಡವರ ಬಾಗಿಲು’ ಎಂದು ಕರೆದವು. ಜನ ಪ್ರತಿಭಟಿಸಿದರು. ಮರುವರ್ಷ, 2015ರಲ್ಲಿ, ಅಂಥ ಕಟ್ಟಡಗಳಿಗೆ ಎಲ್ಲರಿಗೂ ಒಂದೇ ಬಾಗಿಲಿರಬೇಕೆಂದು ಕಾನೂನು ಬದಲಾಯಿತು. ಬಾಗಿಲು ದೇವರು ಮಾಡಿದ್ದಲ್ಲ, ಮನುಷ್ಯರು ಮಾಡಿದ್ದು. ಮನುಷ್ಯರೇ ಅದನ್ನು ಬದಲಾಯಿಸಬಲ್ಲರು ಎಂಬುದಕ್ಕೆ ಈ ಉದಾಹರಣೆ ಸಾಕು.

ಹೃದಯ ಸಾಕೇ?

‘ಮೆಟ್ರೊಪೊಲಿಸ್’ ತನ್ನ ಪ್ರಶ್ನೆಗೆ ತಾನೇ ಒಂದು ಉತ್ತರವನ್ನೂ ಕೊಡುತ್ತದೆ. ಯೋಜಿಸುವ ತಲೆಗೂ ದುಡಿಯುವ ಕೈಗೂ ನಡುವೆ ಹೃದಯವು ಮಧ್ಯಸ್ಥಿಕೆ ವಹಿಸಬೇಕು ಎಂಬುದೇ ಆ ಉತ್ತರ. ಕೊನೆಯ ದೃಶ್ಯದಲ್ಲಿ ಮಹಾದೇವಾಲಯದ ಬಾಗಿಲ ಮುಂದೆ ಫ್ರೆಡರ್ ತನ್ನ ತಂದೆಯ ಕೈಯನ್ನೂ ಕಾರ್ಮಿಕರ ಮೇಸ್ತ್ರಿಯ ಕೈಯನ್ನೂ ಹಿಡಿದು ಕೂಡಿಸುತ್ತಾನೆ. ಕೈಕುಲುಕುವುದರೊಂದಿಗೆ ಚಿತ್ರ ಮುಗಿಯುತ್ತದೆ.

ತರುಣನಾಗಿದ್ದಾಗ ಈ ಮುಕ್ತಾಯ ನನ್ನ ಕಣ್ಣಲ್ಲಿ ನೀರು ತರಿಸಿತ್ತು. ಈಗ ಮೂರು ಸಂಶಯಗಳು ಏಳುತ್ತವೆ. ಮೊದಲನೆಯದು, ಕಾರ್ಮಿಕರನ್ನು ಕೈಗಳೆಂದು ಕರೆಯುವುದೇ ಸರಿಯೇ? ಕೈಗೆ ಸ್ವಂತ ಯೋಚನೆಯಿಲ್ಲ, ಸ್ವಂತ ದುಃಖವಿಲ್ಲ. ಆದರೆ ದುಡಿಯುವ ಪ್ರತಿಯೊಬ್ಬನಿಗೂ ತಲೆಯಿದೆ, ಹೃದಯವಿದೆ. ದೇಹದ ಅಂಗಗಳ ಹೋಲಿಕೆಯಿಂದಲೇ ಮೇಲು ಕೀಳನ್ನು ಸಮರ್ಥಿಸಿದ ದೀರ್ಘ ಚರಿತ್ರೆ ನಮ್ಮ ದೇಶದಲ್ಲಿದೆ. ಅದರ ನೆರಳು ನಮ್ಮ ದೇವಾಲಯಗಳ ಸಾಲುಗಳ ಮೇಲೂ ಬಿದ್ದಿದೆಯೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಸಂತ ಪೌಲರೂ ಕೊರಿಂಥಿಯರಿಗೆ ಬರೆಯುವಾಗ ದೇಹದ ಹೋಲಿಕೆಯನ್ನೇ ಬಳಸಿದರು. ಆದರೆ ಅವರು ಅದನ್ನು ತಿರುಗಿಸಿ ಹಿಡಿದರು: ತಲೆಯು ಕಾಲುಗಳಿಗೆ ನೀವು ಬೇಡವೆಂದು ಹೇಳಲಾಗದು, ದುರ್ಬಲವೆನಿಸುವ ಅಂಗಗಳಿಗೇ ಹೆಚ್ಚಿನ ಮಾನ ಸಲ್ಲಬೇಕು ಎಂಬುದು ಅವರ ಬೋಧನೆ.

ಎರಡನೆಯದು, ಆ ಕೈಕುಲುಕಿನ ನಂತರ ಏನಾಯಿತು? ಮರುದಿನ ಕಾರ್ಮಿಕರು ಎಲ್ಲಿ ವಾಸಿಸಿದರು? ಪಾಳಿ ಎಷ್ಟು ಗಂಟೆಯದಾಯಿತು? ಚಿತ್ರ ಒಂದು ಮಾತನ್ನೂ ಹೇಳುವುದಿಲ್ಲ. ಹೃದಯದ ಆ ಮಾತು ಬರೀ ಕಟ್ಟುಕಥೆಯಂತಾಯಿತೆಂದು ಮುಂದೆ ಲಾಂಗ್ ಅವರಿಗೂ ಅನಿಸಿತು. 1933ರಲ್ಲಿ ಅವರು ಜರ್ಮನಿಯನ್ನು ತೊರೆದರು. ಕಥೆ ಬರೆದ ಪತ್ನಿ ಅಲ್ಲಿಯೇ ಉಳಿದು ನಾಜಿ ಪಕ್ಷ ಸೇರಿದರು. ನ್ಯಾಯದ ಮಾತಿಲ್ಲದ ಹೃದಯದ ಭಾಷೆಯನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು.

ಮೂರನೆಯದು, ಚಿತ್ರ ತಯಾರಾದ ಬಗೆ. ಬಾಬೆಲಿನ ದೃಶ್ಯಕ್ಕಾಗಿ ನೂರಾರು ನಿರುದ್ಯೋಗಿಗಳನ್ನು ಕರೆತಂದು ತಲೆ ಬೋಳಿಸಿ ಗುಲಾಮರನ್ನಾಗಿ ನಿಲ್ಲಿಸಿದರು. ಪ್ರವಾಹದ ದೃಶ್ಯಕ್ಕಾಗಿ ಬರ್ಲಿನ್ನಿನ ಬಡ ಬೀದಿಗಳ ನೂರಾರು ಮಕ್ಕಳನ್ನು ದಿನಗಟ್ಟಲೆ ನೀರಿನಲ್ಲಿ ನಿಲ್ಲಿಸಿದರು. ಬಡವರ ಪರವಾದ ಕಥೆಯನ್ನು ಹೇಳಲು ಅವರ ಬಡತನವನ್ನೇ ಬಳಸಿಕೊಂಡರು. ಇದನ್ನು ನಾನು ಕಲಾವಿದರನ್ನು ಹಳಿಯಲು ಹೇಳುತ್ತಿಲ್ಲ. ಬಡವರ ಕುರಿತು ಪ್ರಬೋಧನೆ ಮಾಡುವ ನಮ್ಮಂಥವರಿಗೂ ಇದೇ ಅಪಾಯವುಂಟು.

ಇದು ನನಗೆ ಹೇಗೆ ತಿಳಿಯಿತೆಂದರೆ, ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಮನೆ ಆಶೀರ್ವಾದಕ್ಕೆಂದು ಒಂದು ಅಪಾರ್ಟ್‌ಮೆಂಟಿನ ಹದಿನಾಲ್ಕನೆಯ ಮಹಡಿಗೆ ಹೋಗಿದ್ದೆ. ಒಳ್ಳೆಯ ಕುಟುಂಬ, ದೇವಭಕ್ತರು. ಪ್ರಾರ್ಥನೆಯ ವೇಳೆ ಮನೆಗೆಲಸದ ಹೆಂಗಸೂ ಬಂದು ಬಾಗಿಲ ಬಳಿ ನಿಂತು ಕೈಮುಗಿದರು. ಅವರೂ ನಮ್ಮ ಧರ್ಮಕೇಂದ್ರದವರೇ. ಭಾನುವಾರ ಅದೇ ಕುಟುಂಬದ ಹಿಂದಿನ ಬೆಂಚಿನಲ್ಲಿ ಕುಳಿತು ಅದೇ ಬಲಿಪೂಜೆಯಲ್ಲಿ ಭಾಗವಹಿಸುವವರು. ಹೊರಡುವಾಗ ನಾನು ಲಿಫ್ಟಿನ ಬಾಗಿಲನ್ನು ಹಿಡಿದು, “ಬನ್ನಿಮ್ಮಾ, ಕೆಳಗೆ ತಾನೇ?” ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. “ಬೇಡ ಫಾದರ್, ನಾವು ಇದರಲ್ಲಿ ಬರೋ ಹಾಗಿಲ್ಲ. ಆ ಕಡೆ ಸಾಮಾನಿನ ಲಿಫ್ಟ್ ಇದೆ, ನೀವು ಹೋಗಿ” ಎಂದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ನನಗೆ ತೊಂದರೆಯಾಗಬಾರದೆಂಬ ಕಾಳಜಿಯಿತ್ತು.

ನನ್ನ ಮನಸ್ಸಿಗೆ ನೋವಾಯಿತು. ಆದರೆ ನಾನು ಮಾಡಿದ್ದೇನು? ಏನೂ ಮಾತನಾಡದೆ, ನನಗೆಂದು ತೆರೆದಿದ್ದ ಲಿಫ್ಟಿನಲ್ಲಿ ಇಳಿದು ಬಂದೆ. ಹೃದಯ ಮಿಡಿದಿತ್ತು, ಕಾಲು ತನ್ನ ದಾರಿಯಲ್ಲೇ ನಡೆದಿತ್ತು. ಅಂದಿನ ರಾತ್ರಿ ಆತ್ಮಶೋಧನೆಯ ಹೊತ್ತಿಗೆ ಚಿತ್ರದ ಆ ಕೊನೆಯ ದೃಶ್ಯ ನೆನಪಾಯಿತು. ಹೃದಯವೊಂದೇ ಸಾಕಾಗಿದ್ದರೆ ಅಂದು ನನ್ನಲ್ಲಿ ಕೊರತೆಯೇನೂ ಇರಲಿಲ್ಲ.

ಜಗದ್ಗುರು ಎರಡನೇ ಜಾನ್ ಪೌಲರು 1987ರ ತಮ್ಮ ವಿಶ್ವಪತ್ರದಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ಅವರ ಪ್ರಕಾರ ಸಹಬಾಳ್ವೆಯ ಹೊಣೆಗಾರಿಕೆಯೆಂದರೆ ಇತರರ ಕಷ್ಟ ಕಂಡು ಮರುಗುವ ಅಸ್ಪಷ್ಟ ಅನುಕಂಪವಲ್ಲ. ಎಲ್ಲರ ಒಳಿತಿಗಾಗಿ ದುಡಿಯುವ ದೃಢವಾದ, ನಿರಂತರವಾದ ಸಂಕಲ್ಪ. ಪಾಪವು ವ್ಯಕ್ತಿಯ ಮನಸ್ಸಿನಲ್ಲಿ ಹುಟ್ಟಿದರೂ ಅದು ಕ್ರಮೇಣ ವ್ಯವಸ್ಥೆಗಳಾಗಿ ಗಟ್ಟಿಯಾಗುತ್ತದೆ ಎಂದೂ ಅವರು ಬೋಧಿಸಿದರು. ಲಿಫ್ಟಿನ ಪಕ್ಕ ಅಂಟಿಸಿದ ನಿಯಮದ ಚೀಟಿಯನ್ನು ಇಂದು ಯಾರು ಬರೆದರೆಂದು ಯಾರಿಗೂ ನೆನಪಿಲ್ಲ. ಎಲ್ಲರೂ ಪಾಲಿಸುತ್ತಾರೆ. ಬರೆದ ಕೈ ಕಾಣದಿರುವುದರಿಂದಲೇ ಅದು ಯಾರ ಪಾಪವೂ ಅಲ್ಲವೆಂದು ತೋರುತ್ತದೆ.

ಮಕ್ಕಳು ಹತ್ತಿ ಬಂದ ದಾರಿ

ಹಾಗಾದರೆ ಚಿತ್ರದಲ್ಲಿ ನಮಗೆ ದಾರಿ ತೋರುವುದು ಏನೂ ಇಲ್ಲವೇ? ಇದೆ. ಅದು ಕೊನೆಯ ಕೈಕುಲುಕಿನಲ್ಲಿಲ್ಲ, ಅದಕ್ಕೆ ಮುಂಚೆ ಬರುವ ಪ್ರವಾಹದಲ್ಲಿದೆ. ಮರಿಯಾಳ ರೂಪ ಕೊಟ್ಟ ಯಂತ್ರಮಾನವಿಯ ಮಾತಿಗೆ ಮರುಳಾಗಿ ಕಾರ್ಮಿಕರು ಸಿಟ್ಟಿನಿಂದ ನಗರದ ಮುಖ್ಯ ಯಂತ್ರವನ್ನು ಒಡೆಯುತ್ತಾರೆ. ಆ ಯಂತ್ರಕ್ಕೆ ‘ಹೃದಯ ಯಂತ್ರ’ ಎಂದೇ ಹೆಸರು. ಅದು ನಿಂತೊಡನೆ ಕೆಳಗಿನ ಊರಿಗೆ ನೀರು ನುಗ್ಗುತ್ತದೆ. ಕೋಪದ ಭರದಲ್ಲಿ ತಮ್ಮ ಮಕ್ಕಳು ಕೆಳಗೇ ಇದ್ದಾರೆಂಬುದನ್ನು ತಂದೆತಾಯಿಗಳು ಮರೆತಿರುತ್ತಾರೆ. ಮೇಲಿನವರ ನಿರ್ಲಕ್ಷ್ಯದಷ್ಟೇ ಕೆಳಗಿನವರ ಕುರುಡು ಕೋಪವೂ ಮೊದಲು ಹೊಡೆಯುವುದು ಮಕ್ಕಳನ್ನು ಎಂಬ ಈ ಮಾತನ್ನು ನಾವು ಮರೆಯಬಾರದು.

ನಿಜವಾದ ಮರಿಯಾ, ಫ್ರೆಡರ್ ಮತ್ತು ಅವನ ಗೆಳೆಯ ಜೋಸಫಾತ್ ಮೂವರೂ ಆ ಮಕ್ಕಳನ್ನು ಕಿರಿದಾದ ಮೆಟ್ಟಿಲುಗಳ ಮೂಲಕ ಮೇಲೆ ಹತ್ತಿಸುತ್ತಾರೆ. ತುದಿಯಲ್ಲಿ ಕಬ್ಬಿಣದ ಜಾಲರಿ ಬಾಗಿಲು ಮುಚ್ಚಿದೆ. ಕೆಳಗಿನಿಂದ ನೀರು ಏರುತ್ತಿದೆ. ಅದನ್ನು ಮುರಿದು ಮಕ್ಕಳನ್ನು ಹೊರಗೆ ತಂದು, ಶ್ರೀಮಂತರ ಮಕ್ಕಳ ಭವನದಲ್ಲಿ ಆಶ್ರಯ ಕೊಡಿಸುತ್ತಾರೆ. ಚಿತ್ರದ ಆರಂಭದಲ್ಲಿ ಯಾವ ಲೋಕದಿಂದ ಈ ಮಕ್ಕಳನ್ನು ಹೊರಗಟ್ಟಿದರೋ ಅದೇ ಲೋಕಕ್ಕೆ ಕೊನೆಯಲ್ಲಿ ಅವರು ಒಳಬರುತ್ತಾರೆ. ಮಧ್ಯಸ್ಥಿಕೆ ಎಂದರೆ ಇದು. ಒಬ್ಬ ಮೇಲಿನವನು ಇಳಿದು ಹೋದ. ಕೆಳಗಿನವರ ಬಟ್ಟೆ ತೊಟ್ಟ, ಅವರ ಪಾಳಿಯಲ್ಲಿ ದುಡಿದ, ಬಾಗಿಲು ಮುರಿದ. ನನ್ನನ್ನು ಈಗ ಕಾಡುವ ಪ್ರಶ್ನೆ ಒಂದೇ: ಬಾಗಿಲು ತೆರೆಯಲು ಪ್ರವಾಹವೇ ಬರಬೇಕಿತ್ತೇ?

ಇಲ್ಲೊಂದು ಆಕ್ಷೇಪ ಬರಬಹುದು. ಎಲ್ಲರೂ ಹದಿನಾಲ್ಕನೆಯ ಮಹಡಿಯಲ್ಲಿ ಇರಲು ಸಾಧ್ಯವೇ, ಯಾರಾದರೂ ಕೆಳಗೆ ದುಡಿಯಲೇಬೇಕಲ್ಲವೇ ಎಂದು. ನಿಜ. ಶುಭಸಂದೇಶವೂ ಎಲ್ಲ ಮನೆಗಳನ್ನು ಒಂದೇ ಎತ್ತರಕ್ಕೆ ತರಬೇಕೆಂದು ಹೇಳುವುದಿಲ್ಲ. ಮರವೇರಿ ಕುಳಿತಿದ್ದ ಸಿರಿವಂತ ಜಕ್ಕಾಯನನ್ನು ಪ್ರಭು ಯೇಸು ಬೈಯಲಿಲ್ಲ. ಬೇಗ ಇಳಿದು ಬಾ ಎಂದಷ್ಟೇ ಕರೆದರು. ಇಳಿದ ಮೇಲೆ ಆತ ಮಾಡಿದ ಮೊದಲ ಕೆಲಸ ಕಣ್ಣೀರು ಹಾಕಿದ್ದಲ್ಲ, ಲೆಕ್ಕ ಹಾಕಿದ್ದು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸಮಾಡಿ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸ್ಸು. ಅವನ ಹೃದಯ ಪರಿವರ್ತನೆಯಾದದ್ದು ಅಂಕಿಗಳಲ್ಲಿ ಗೊತ್ತಾಯಿತು.

ಪ್ರಿಯ ಓದುಗರೇ, ನಮ್ಮ ಅನೇಕ ಕುಟುಂಬಗಳು ಇಂದು ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುತ್ತಿವೆ. ಅದೇ ಕಟ್ಟಡಗಳಲ್ಲಿ ಕಾವಲು ಕಾಯುವ, ನೆಲ ಒರೆಸುವ ಕುಟುಂಬಗಳೂ ನಮ್ಮ ಧರ್ಮಕೇಂದ್ರದಲ್ಲಿವೆ. ಈ ತಿಂಗಳು ಮನೆಯ ಸಂಜೆಯ ಪ್ರಾರ್ಥನೆಯ ನಂತರ ಮಕ್ಕಳೊಂದಿಗೆ ಕುಳಿತು ಒಂದು ಲೆಕ್ಕ ಮಾಡಿ. ನಮ್ಮ ಕಟ್ಟಡಕ್ಕೆ ಎಷ್ಟು ಬಾಗಿಲುಗಳಿವೆ, ಯಾವುದರಲ್ಲಿ ಯಾರು ಬರುತ್ತಾರೆ? ಕಾವಲಿನವರಿಗೆ ಕುಳಿತುಕೊಳ್ಳಲು ಕುರ್ಚಿಯಿದೆಯೇ, ಹೆಂಗಸರಿಗೆ ಶೌಚಾಲಯವಿದೆಯೇ? ಅವರ ಹೆಸರು ನಮಗೆ ಗೊತ್ತಿದೆಯೇ? ನಿವಾಸಿಗಳ ಸಂಘದ ಸಭೆಯಲ್ಲಿ ಈ ಮಾತೆತ್ತಲು ನಮ್ಮಲ್ಲಿ ಯಾರು ಸಿದ್ಧರು?

ಮರುವರ್ಷ ಆ ಮನೆಗೆ ಮತ್ತೆ ಹೋಗುವ ಅವಕಾಶ ಬಂತು. ಹೊರಡುವಾಗ ಆ ತಾಯಿಯೊಂದಿಗೆ ನಾನೂ ಸಾಮಾನಿನ ಲಿಫ್ಟಿನ ಕಡೆಗೆ ನಡೆದೆ. ಮನೆಯ ಯಜಮಾನರು ತಬ್ಬಿಬ್ಬಾದರು; ಸ್ವಲ್ಪ ತಡೆದು ಚಪ್ಪಲಿ ಮೆಟ್ಟಿಕೊಂಡು ಅವರೂ ನಮ್ಮೊಂದಿಗೆ ಬಂದರು. ಸಿಮೆಂಟಿನ ಧೂಳು ತುಂಬಿದ್ದ ಆ ಪೆಟ್ಟಿಗೆಯಲ್ಲಿ ಮೂವರೂ ನಿಂತು ಇಳಿದೆವು. ದಾರಿಯಲ್ಲಿ ಆ ತಾಯಿ ತಮ್ಮ ಮಗಳು ಪಿಯುಸಿಯಲ್ಲಿ ಓದುತ್ತಿದ್ದಾಳೆಂದು ಹೇಳಿದರು. ಆರು ವರ್ಷ ತಮ್ಮ ಮನೆಯಲ್ಲಿ ದುಡಿದವರ ಮಗಳ ವಿಷಯ ಯಜಮಾನರಿಗೆ ಗೊತ್ತಾದದ್ದು ಅಂದೇ. ಮುಂದಿನ ಸಭೆಯಲ್ಲಿ ಅವರು ಆ ನಿಯಮದ ವಿಷಯ ಎತ್ತಿದರು. ಮೊದಲ ಸಲ ಒಪ್ಪಿಗೆಯಾಗಲಿಲ್ಲ. ಮತ್ತೆ ಎತ್ತುವುದಾಗಿ ಹೇಳಿದ್ದಾರೆ.

ಒಂದು ದಿನ ಲಿಫ್ಟ್ ಬದಲಾಯಿಸುವುದು ನ್ಯಾಯವಲ್ಲವೆಂದು ನನಗೆ ಗೊತ್ತಿದೆ. ಅದು ಆ ಭಾಷೆಯ ಮೊದಲ ಅಕ್ಷರ. ಪೆಂತೆಕೋಸ್ತ್ ದಿನದಲ್ಲಿ ಪ್ರೇಷಿತರು ಕೂಡಿ ಪ್ರಾರ್ಥಿಸುತ್ತಿದ್ದ ಕೋಣೆಯಲ್ಲೇ ಉಳಿಯಲಿಲ್ಲ. ಜನರ ನಡುವೆ ಬಂದು ನಿಂತರು. ಅವರು ಗಲಿಲೇಯದ ಸಾಮಾನ್ಯ ದುಡಿಮೆಗಾರರು. ಅವರ ಮಾತು ಅಂದು ಎಲ್ಲರಿಗೂ ತಂತಮ್ಮ ಭಾಷೆಯಲ್ಲಿ ಕೇಳಿಸಿತು. ಬಾಬೆಲಿನಲ್ಲಿ ಕಳೆದುಹೋದದ್ದು ಮರಳಿ ಸಿಕ್ಕಿತೆಂದು ಧರ್ಮಸಭೆ ಆ ದಿನವನ್ನು ಕೊಂಡಾಡುತ್ತದೆ. ನಮ್ಮ ಕಟ್ಟಡಗಳಲ್ಲೂ ಅದು ಮರಳಿ ಸಿಗಬೇಕಾದರೆ, ಮೊದಲು ಯಾರಾದರೂ ಇಳಿದು ಬಂದು ಕೇಳಿಸಿಕೊಳ್ಳಬೇಕು.